ಕೊಡದ ಬಾಯಿಗೆ ಕಟ್ಟಿದ ಬಟ್ಟೆ

ಕದಡಿದ ನೀರು ನಿಂತು ತಳ ಕಾಣುವಂತಾಗುವುದಕ್ಕೂ ಮನುಷ್ಯನ ಮನಸ್ಸಿಗೆ ಒಂದು ವಿಷಯವು ಅರಿವಾಗುವುದಕ್ಕೂ ‘ತಿಳಿ’ ಎಂಬ ಒಂದೇ ಮಾತನ್ನು ಕನ್ನಡಿಗರು ಇಟ್ಟುಕೊಂಡಿರುವುದು ನಮ್ಮ ಹಿರಿಯರ ದರ್ಶನಶಕ್ತಿಯ ಫಲವೋ, ಅಥವಾ ಅವರನ್ನು ಮೋಸಗೊಳಿಸಿದ ಸಾದೃಶ್ಯವೋ ಎಂದು ನಾನು ಬಹುಕಾಲದಿಂದ ಯೋಚಿಸುತ್ತಲಿದ್ದೇನೆ. ಮಳೆಗಾಲದ ಮೊದಲ ವಾರಗಳಲ್ಲಿ ಕೆರೆಯ ನೀರು ಕೆಮ್ಮಣ್ಣು ಕಲಸಿದಂತೆ ಬರುತ್ತಿದ್ದಾಗ ನಮ್ಮಜ್ಜಿ ಒಂದು ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತುಸು ಹೊತ್ತು ತೇಯ್ದು, ಅನಂತರ ನೀರು ತುಂಬಿ ಮುಚ್ಚಿಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಮಣ್ಣೆಲ್ಲ ತಳದಲ್ಲಿ ಕೂತು, ಕುಂಬಾರನ ಬೆರಳು ಮಡಕೆಯ ಒಳಗೆ ಬಿಟ್ಟ ಗೆರೆ ಕೂಡ ನೀರಿನೊಳಗಿಂದ ಕಾಣುತ್ತಿದ್ದಿತು. “ತಿಳಿ ಆಯ್ತು, ಕುಡಿ ಮಗ” ಎಂದು ಆಕೆ ಹೇಳುತ್ತಿದ್ದುದರಲ್ಲಿ ಆಶ್ವಾಸನವಿತ್ತು, ಆಜ್ಞೆಯೂ ಇತ್ತು.

ಆ ಬೀಜವೇ ಸಂಸ್ಕೃತದ ಕತಕ. ನೀರನ್ನು ಪ್ರಸನ್ನಗೊಳಿಸುವ ದ್ರವ್ಯಗಳ ಸಾಲಿನಲ್ಲಿ ಸುಶ್ರುತಸಂಹಿತೆಯು ಅದನ್ನು ಹೆಸರಿಸಿದೆ. ಅದರ ಸತ್ತ್ವವು ನೀರಿನಲ್ಲಿ ತೇಲುವ ಮಣ್ಣಿನ ಕಣಗಳನ್ನು ಒಂದಕ್ಕೊಂದು ಬೆಸೆದು, ಭಾರವಾಗಿಸಿ, ತಳಕ್ಕಿಳಿಸುವುದೆಂದು ಇಂದಿನ ರಸಾಯನಶಾಸ್ತ್ರವು ವಿವರಿಸುತ್ತದೆ. ನಮ್ಮ ತತ್ತ್ವಜ್ಞರಿಗೂ ಈ ಬೀಜದ ಮೇಲೆ ಪ್ರೀತಿ. ಶಂಕರಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ಆತ್ಮಬೋಧವು, ಕತಕದ ಪುಡಿಯು ನೀರಿನ ಕಲ್ಮಷವನ್ನು ಕಳೆದು ತಾನೂ ಇಲ್ಲವಾಗುವಂತೆ ಜ್ಞಾನವು ಅಜ್ಞಾನವನ್ನು ಕಳೆದು ತಾನೂ ಅಡಗುವುದೆಂದು ಹೇಳುತ್ತದೆ. ಮನುಸ್ಮೃತಿಯ ಆರನೆಯ ಅಧ್ಯಾಯವಾದರೋ, ಕತಕದ ಫಲವು ನೀರನ್ನು ತಿಳಿಯಾಗಿಸುವುದು ದಿಟವಾದರೂ ಅದರ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಎಚ್ಚರಿಸುತ್ತದೆ. ಮೊದಲನೆಯ ಉಪಮೆಯ ಸೊಗಸು ಹೆಚ್ಚಿನದೆಂದು ಒಪ್ಪಿಯೂ, ಬಡವರ ಮನೆಯ ಮಡಕೆಯ ಮುಂದೆ ನಿಂತಾಗ ನನಗೆ ಎರಡನೆಯದೇ ಬೇಕಾದುದೆಂದು ತೋರುತ್ತದೆ.

ಆದರೆ ತಿಳಿಯಾದುದೆಲ್ಲ ಶುದ್ಧವೆ? ಬಾಂಗ್ಲಾದೇಶದಲ್ಲಿ, ಕೆರೆಕುಂಟೆಗಳ ರೋಗಕಾರಕವಾದ ನೀರಿನಿಂದ ಜನರನ್ನು ಬಿಡಿಸಬೇಕೆಂಬ ಸದುದ್ದೇಶದಿಂದಲೇ, 1970ರ ದಶಕದಿಂದಾಚೆಗೆ ಯುನಿಸೆಫ್ ಮೊದಲಾದ ಸಂಸ್ಥೆಗಳ ನೆರವಿನೊಡನೆ ಲಕ್ಷಗಟ್ಟಲೆ ಕೊಳವೆಬಾವಿಗಳು ಇಳಿದುವು. ಸ್ಫಟಿಕದಂತೆ ಮೇಲೆ ಬಂದ ಆ ನೀರಿನಲ್ಲಿ ಆರ್ಸೆನಿಕ್ ಇದ್ದುದು 1993ರಲ್ಲಿ ಬೆಳಕಿಗೆ ಬಂದಿತು. ನಮ್ಮ ಪಾವಗಡದ ಸೀಮೆಯಲ್ಲಿ ಹಲ್ಲನ್ನು ಕಂದಾಗಿಸಿ ಮೂಳೆಯನ್ನು ಬಾಗಿಸಿದ ಫ್ಲೋರೈಡಿನ ನೀರೂ ನೋಡುವುದಕ್ಕೆ ತಿಳಿಯಾದುದೇ. ನೀರಿನಲ್ಲಿ ಕರಗಿಹೋದ ವಿಷಕ್ಕೆ ಕತಕವೂ ಸಾಲದು, ಬಟ್ಟೆಯೂ ಸಾಲದು. ಕಣ್ಣನ್ನೇ ಸಾಕ್ಷಿಯಾಗಿ ಕರೆದು ತೀರ್ಪು ಕೊಟ್ಟ ‘ತಿಳಿ’ ಎಂಬ ಮಾತು ಇಲ್ಲಿ ಸೋಲುತ್ತದೆ.

ಈಗ ಬಟ್ಟೆಯ ವಿಚಾರ. ಸಂನ್ಯಾಸಿಯು ಬಟ್ಟೆಯಲ್ಲಿ ಸೋಸಿದ ನೀರನ್ನೇ ಕುಡಿಯಬೇಕೆಂಬ ವಿಧಿಯು ಮನುವಿನ ಅದೇ ಆರನೆಯ ಅಧ್ಯಾಯದಲ್ಲಿದೆ. ಬೌದ್ಧ ಭಿಕ್ಷುವು ಇಟ್ಟುಕೊಳ್ಳಬಹುದಾದ ಎಂಟು ಪರಿಕರಗಳಲ್ಲಿ ನೀರು ಸೋಸುವ ಸಾಧನವೂ ಒಂದು. ಜೈನರಲ್ಲಂತೂ ಇದು ಗೃಹಸ್ಥನ ನಿತ್ಯವ್ರತ. ಶ್ರಾವಕನು ಮಡಿಸಿದ ದಟ್ಟವಾದ ಬಟ್ಟೆಯಲ್ಲಿ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಸೋಸಿದ ನೀರಿನಿಂದಲೇ ತೊಳೆದು, ಆ ತೊಳೆದ ನೀರನ್ನು ತಾನು ಯಾವ ಬಾವಿಯಿಂದ ಸೇದಿದನೋ ಅದೇ ಬಾವಿಗೆ ಮೆಲ್ಲನೆ ಇಳಿಸತಕ್ಕದ್ದು. ನೀರಿನಿಂದ ತನಗೇನಾದೀತು ಎಂಬುದಲ್ಲ, ತನ್ನಿಂದ ನೀರೊಳಗಿನ ಜೀವಕ್ಕೇನಾದೀತು ಎಂಬುದು ಅಲ್ಲಿಯ ಭಯ.

ಬಾಂಗ್ಲಾದೇಶದ ಮೇಘನಾ ನದಿಯ ಬಯಲಿನ ಮತ್ಲಬ್ ಸೀಮೆಯ ತಾಯಂದಿರ ಭಯ ಇದಕ್ಕೆ ತೀರ ವಿರುದ್ಧವಾದುದು. ಕಾಲರಾದ ಕ್ರಿಮಿಯು ಬಟ್ಟೆಯ ಕಂಡಿಯಲ್ಲಿ ಸಲೀಸಾಗಿ ನುಸುಳುವಷ್ಟು ಚಿಕ್ಕದು. ಆದರೆ ಅದು ಒಂಟಿಯಾಗಿರುವುದಕ್ಕಿಂತ, ಕೋಪೆಪಾಡ್ ಎಂಬ, ಸಿಗಡಿಯ ದೂರದ ನಂಟನಾದ ಕಿರುಜೀವಿಯ ಮೈಗೆ ಅಂಟಿಕೊಂಡಿರುವುದು ಹೆಚ್ಚು. ಕೋಪೆಪಾಡನ್ನು ತಡೆದರೆ ಕ್ರಿಮಿಯನ್ನೂ ತಡೆದಂತಾಯಿತೆಂದು ರೀಟಾ ಕೋಲ್ವೆಲ್, ಅನ್ವರ್ ಹಕ್ ಮೊದಲಾದ ವಿಜ್ಞಾನಿಗಳು ಊಹಿಸಿ, 65 ಹಳ್ಳಿಗಳ ಸುಮಾರು 1,33,000 ಜನರ ನಡುವೆ ಪರೀಕ್ಷಿಸಿ, 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹಳೆಯ ಸೀರೆಯನ್ನು ನಾಲ್ಕು ಬಾರಿಯಾದರೂ ಮಡಿಸಿ ಕೊಡದ ಬಾಯಿಗೆ ಕಟ್ಟಿ ನೀರು ಹಿಡಿದ ಮನೆಗಳಲ್ಲಿ ಕಾಲರಾ ಶೇಕಡ 48ರಷ್ಟು ಇಳಿದಿತ್ತು. ಹಳೆಯ ಸೀರೆಯೇ ಏಕೆಂದರೆ, ಒಗೆದೊಗೆದು ನೂಲು ಬಿಡಿಸಿಕೊಂಡು ಉಬ್ಬಿ ಕಂಡಿಗಳು ಕಿರಿದಾಗಿರುತ್ತವೆ. ಹೊಸ ಸೀರೆಯಲ್ಲಿ ಆ ಗುಣವಿಲ್ಲ. ಬಡವಳ ಮನೆಯಲ್ಲಿ ಹೊಸತಿಗಿಂತ ಹಳತೇ ಮೇಲೆನಿಸಿಕೊಂಡ ಪದಾರ್ಥ ಇದೊಂದೇ ಇರಬೇಕು. ಸೋಸಿದ ಬಳಿಕ ಸೀರೆಯನ್ನು ಜಾಲಿಸಿ ಬಿಸಿಲಿಗೆ ಹರವಿದರೆ ಮುಗಿಯಿತು.

ಹಾಗಾದರೆ ಜೈನರಿಗೆ ಈ ರಹಸ್ಯವು ಮೊದಲೇ ಗೊತ್ತಿದ್ದಿತೆಂದು ಎದೆ ತಟ್ಟಿಕೊಳ್ಳುವವರು ಇದ್ದಾರೆ. ನಾನು ಒಪ್ಪಲಾರೆ, ಅವರಿಗೆ ಗೊತ್ತಿದ್ದುದು ಕಾಲರಾ ಅಲ್ಲ, ಕಾರುಣ್ಯ. ಅದನ್ನು ರೋಗಶಾಸ್ತ್ರವನ್ನಾಗಿ ಮಾಡಿದರೆ ಅದರ ಘನತೆ ತಗ್ಗುವುದೇ ಹೊರತು ಏರುವುದಿಲ್ಲ.

ಇದರ ಎದುರಿಗೆ ‘ಶುದ್ಧಿ’ ಎಂಬ ಹೆಸರಿನಲ್ಲೇ ನಡೆದ ಇನ್ನೊಂದು ಸಂಗತಿಯನ್ನು ಇಡಬೇಕಾಗಿದೆ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಅಂಬೇಡ್ಕರರೂ ಅವರೊಡನೆ ಬಂದ, ಅಸ್ಪೃಶ್ಯರೆನಿಸಿದ್ದ ಸಹಸ್ರಾರು ಮಂದಿಯೂ ನೀರನ್ನು ಕುಡಿದರು. ಆ ಬಳಿಕ ಊರಿನ ಸವರ್ಣೀಯರು, ಮಂತ್ರಘೋಷದ ನಡುವೆ, ಹಾಲು, ಮೊಸರು, ಸಗಣಿ, ಗಂಜಲಗಳನ್ನು ಬೆರೆಸಿದ 108 ಮಡಕೆಗಳನ್ನು ಅದೇ ಕೆರೆಯ ನೀರಿಗೆ ಮುಳುಗಿಸಿ, ಕೆರೆಯು ಮತ್ತೆ ಶುದ್ಧವಾಯಿತೆಂದು ಸಾರಿದರು. ದನಗಳಿಗೆ ಕುಡಿಯಲು ತೆರೆದಿದ್ದ ಕೆರೆ ಅದು. ಕತಕದ ಹೆಸರು ಹೇಳಿದರೆ ನೀರು ತಿಳಿಯಾಗದೆಂದ ಗ್ರಂಥವನ್ನೇ ಪೂಜ್ಯವೆಂದು ನಂಬಿದ್ದ ಜನ, ಹೆಸರು ಹೇಳಿ ಕದಡಿದರು! ಅದೇ ವರ್ಷದ ಡಿಸೆಂಬರ್ 25ರಂದು ಅದೇ ಊರಿನಲ್ಲಿ ಆ ಗ್ರಂಥವು ಬೆಂಕಿಗೆ ಬಿದ್ದಿತು. ಅದರೊಳಗಿದ್ದ ಆ ಎರಡು ಒಳ್ಳೆಯ ಮಾತುಗಳಿಗಾಗಿ ಮರುಗುವಷ್ಟು ಹಕ್ಕನ್ನು ಅದನ್ನು ಓದಿದವರ ನಡತೆಯು ನಮಗೆ ಉಳಿಸಿಲ್ಲ.

ಶೌಚವೆಂಬುದು ತನ್ನ ಮೈಯ ಸುತ್ತ ಎಳೆದುಕೊಳ್ಳುವ ಗೆರೆಯೋ, ತನ್ನಿಂದಾಚೆಯ ಜೀವಕ್ಕೆ ಸಲ್ಲಿಸುವ ಎಚ್ಚರವೋ? ಮಡಿಯುಟ್ಟು ನೀರು ತರುತ್ತಿದ್ದ ನಮ್ಮಜ್ಜಿ ಮೊದಲನೆಯದನ್ನು ನಂಬಿ, ಮೊಮ್ಮಗನಿಗಾಗಿ ಎರಡನೆಯದನ್ನು ಮಾಡುತ್ತಿದ್ದಳು. ಮನುಷ್ಯರು ಬಹುಮಟ್ಟಿಗೆ ತಮ್ಮ ನಂಬಿಕೆಗಿಂತ ಒಳ್ಳೆಯವರು.

ಮತ್ಲಬಿನ ಪರೀಕ್ಷೆ ಮುಗಿದು ಸುಮಾರು ಐದು ವರ್ಷಗಳಾದ ಮೇಲೆ ವಿಜ್ಞಾನಿಗಳು ಮರಳಿ ಹೋಗಿ ವಿಚಾರಿಸಿದಾಗ, ಯಾರ ಮೇಲ್ವಿಚಾರಣೆಯೂ ಇಲ್ಲದೆ ಶೇಕಡ 31ರಷ್ಟು ಹೆಂಗಸರು ಇನ್ನೂ ನೀರನ್ನು ಸೋಸುತ್ತಿದ್ದರು. ಸೋಸುವ ಮನೆಗಳ ನೆರೆಯಲ್ಲಿದ್ದು, ತಾವು ಸೋಸದಿದ್ದ ಮನೆಗಳಲ್ಲಿ ಕೂಡ ಕಾಲರಾ ಕಡಿಮೆಯಾಗಿರುವುದು ಆಗ ಕಂಡುಬಂದಿತು.