ಕಟ್ಟದ ನೀರು ಯಾರ ಹೊಣೆ?

ಆಟಿ ತಿಂಗಳಲ್ಲಿ ಅಂಗಳವೇ ಹೊಳೆಯಾಗುವ, ಮಾರ್ಚ್ ಕಳೆಯುವಷ್ಟರಲ್ಲಿ ಬಾವಿಯ ತಳ ಕಾಣುವ ನಾಡು ನಮ್ಮ ಕಾಸರಗೋಡು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬಂದು, ಮುರಕಲ್ಲಿನ ಇಳಿಜಾರುಗಳಿಂದ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಧಾವಿಸಿಬಿಡುತ್ತದೆ. ಈ ಧಾವಂತಕ್ಕೆ ತಡೆಯೊಡ್ಡಲು ಹಿರಿಯರು ಕಂಡುಕೊಂಡ ಉಪಾಯಗಳು ಮೂರು: ಗುಡ್ಡದ ನೆತ್ತಿಯಲ್ಲಿ ಮದಕ, ಗುಡ್ಡದ ಒಡಲಲ್ಲಿ ಸುರಂಗ, ಗುಡ್ಡದ ಬುಡದ ತೋಡಿನಲ್ಲಿ ಕಟ್ಟ. ಇವುಗಳಲ್ಲಿ ಕಟ್ಟಕ್ಕೆ ಒಂದು ವಿಶೇಷವಿದೆ. ಮದಕ ತಲೆಮಾರುಗಳವರೆಗೆ ಉಳಿಯುತ್ತದೆ, ಸುರಂಗವೂ ಹಾಗೆಯೇ. ಕಲ್ಲು, ಮಣ್ಣು, ಸೊಪ್ಪು, ಅಡಕೆಮರದ ಸಲಾಕೆಗಳಿಂದಾದ ಕಟ್ಟವಾದರೋ ಮುಂದಿನ ಮಳೆಗೆ ಕೊಚ್ಚಿಹೋಗಲೆಂದೇ ಹುಟ್ಟಿದುದು. ಮಳೆ ಹಿಂದೆ ಸರಿದೊಡನೆ ಪ್ರತಿವರ್ಷವೂ ಅದನ್ನು ಹೊಸದಾಗಿ ಕಟ್ಟಬೇಕು. ಒಬ್ಬನಿಂದ ಆಗುವ ಕೆಲಸವೂ ಅದಲ್ಲ, ಬೈಲಿನವರೆಲ್ಲ ಸೇರಬೇಕು. ಅಂದರೆ ಅಲ್ಲಿ ವರ್ಷಕ್ಕೊಮ್ಮೆ ಕಟ್ಟಲ್ಪಡುತ್ತಿದ್ದುದು ನೀರಿನ ತಡೆ ಮಾತ್ರವಲ್ಲ, ನೆರೆಹೊರೆಯ ಒಪ್ಪಂದವೂ ಹೌದು.

ಪಂಪು ಬಂದಿತು, ಕೊಳವೆಬಾವಿ ಬಂದಿತು. ತನ್ನ ತೋಟದ ನೀರನ್ನು ತಾನೇ ತೆಗೆದುಕೊಳ್ಳಬಲ್ಲೆನೆಂಬ ಧೈರ್ಯ ಬಂದ ಮೇಲೆ ನೆರೆಯವನ ಕೈ ಬೇಡವಾಯಿತು. ಏತಡ್ಕದಂತಹ ಕೆಲವು ಬೈಲುಗಳಲ್ಲಿ ರೂಢಿ ಉಳಿಯಿತು; ಅನೇಕ ಕಡೆ ಕಟ್ಟದ ಹೆಸರು ಸ್ಥಳನಾಮವಾಗಿ ಮಾತ್ರ ಉಳಿಯಿತು. ಈಚಿನ ವರ್ಷಗಳಲ್ಲಿ ಪಂಚಾಯತು, ನಗರಸಭೆಗಳ ಯೋಜನೆಗಳಲ್ಲಿ ಕಟ್ಟ, ಇಂಗುಗುಂಡಿ, ಬಾವಿ ಮರುಪೂರಣ, ಕೆರೆಯ ಹೂಳೆತ್ತುವಿಕೆ ಮತ್ತೆ ಕಾಣಿಸಿಕೊಂಡಿವೆ. ಸಂತೋಷದ ಸಂಗತಿಯೇ. ಆದರೆ ಒಂದು ಕಾಲದಲ್ಲಿ ಕೇಳದೆ ನಡೆಯುತ್ತಿದ್ದ ಕೆಲಸಕ್ಕೆ ಇಂದು ಅರ್ಜಿ, ಅಂದಾಜುಪಟ್ಟಿ, ಮಂಜೂರಾತಿ ಬೇಕಾಗಿದೆ. ಪರಿಸರದ ರಕ್ಷಣೆಗಾಗಿ ಸಾರ್ವಜನಿಕ ಹಣ ದೊರೆತಾಗ ನಮ್ಮ ಹೊಣೆ ಹಗುರಾಗುತ್ತದೆಯೋ, ಭಾರವಾಗುತ್ತದೆಯೋ ಎಂಬುದು ಈ ಬರಹದ ಪ್ರಶ್ನೆ.

ಮೊದಲಿಗೆ ಆ ಹಣದ ಸ್ವರೂಪವನ್ನು ತಿಳಿಯಬೇಕು. ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದಾಗ ಹನ್ನೊಂದನೆಯ ಅನುಸೂಚಿಯ ಮೂಲಕ ಜಲಾನಯನ ಅಭಿವೃದ್ಧಿ, ಸಾಮಾಜಿಕ ಅರಣ್ಯ ಮೊದಲಾದ ವಿಷಯಗಳು ಪಂಚಾಯತುಗಳ ಕಡೆಗೂ, ಹನ್ನೆರಡನೆಯ ಅನುಸೂಚಿಯ ಮೂಲಕ ಪರಿಸರದ ರಕ್ಷಣೆ ನಗರಸಭೆಗಳ ಕಡೆಗೂ ಬಂದವು. 1996ರಲ್ಲಿ ಆರಂಭವಾದ ಜನಕೀಯ ಯೋಜನೆಯ ಮೂಲಕ ಕೇರಳವು ತನ್ನ ಯೋಜನಾ ವೆಚ್ಚದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸುವ ದೊಡ್ಡ ನಿರ್ಧಾರ ಕೈಗೊಂಡಿತು. 15ನೆಯ ಹಣಕಾಸು ಆಯೋಗವು 2021-26ರ ಅವಧಿಗೆ ಗ್ರಾಮೀಣ ಸಂಸ್ಥೆಗಳ ಅನುದಾನದಲ್ಲಿ ಶೇ. 60ರಷ್ಟನ್ನು ಕಟ್ಟುಪಾಡಿಗೆ ಒಳಪಡಿಸಿ, ಅದರ ಅರ್ಧವನ್ನು ನೈರ್ಮಲ್ಯಕ್ಕೂ ಉಳಿದರ್ಧವನ್ನು ಕುಡಿಯುವ ನೀರು, ಮಳೆಕೊಯ್ಲು, ನೀರಿನ ಮರುಬಳಕೆಗಳಿಗೂ ಮೀಸಲಿಟ್ಟಿತು. ಇದರಿಂದ ಸ್ಪಷ್ಟವಾಗುವುದೇನೆಂದರೆ, ಅನುದಾನವು ಯಾರೋ ಕರುಣೆಯಿಂದ ಕೊಡುವ ಭಿಕ್ಷೆಯಲ್ಲ. ಬೆಂಕಿಪೆಟ್ಟಿಗೆ ಕೊಳ್ಳುವವನೂ ತೆತ್ತ ತೆರಿಗೆ ಸುತ್ತಿಬಳಸಿ ಊರಿಗೆ ಮರಳುವುದು. ಮಂಜೂರು ಮಾಡಿಸಿದವರ ಭಾವಚಿತ್ರವುಳ್ಳ ಫಲಕವನ್ನು ಕಟ್ಟದ ಪಕ್ಕದಲ್ಲಿ ನೆಟ್ಟಾಗ ನಾವು ಈ ಸರಳ ಸತ್ಯವನ್ನು ಮರೆಯುತ್ತೇವೆ.

ಹಣ ಬಂದುದರಿಂದಲೇ ಊರಿನ ಒಗ್ಗಟ್ಟು ಕೆಟ್ಟಿತು, ಹಿಂದೆ ಶ್ರಮದಾನದಿಂದ ನಡೆಯುತ್ತಿದ್ದ ಕೆಲಸ ಇಂದು ಕೂಲಿಯ ಲೆಕ್ಕವಾಯಿತು ಎಂದು ಕೊರಗುವವರಿದ್ದಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಪ್ರೀತಿಯಿಂದ ಮಾಡುವ ಕೆಲಸಕ್ಕೆ ಬೆಲೆ ಕಟ್ಟಿದೊಡನೆ, ಬೆಲೆ ನಿಂತ ದಿನ ಕೆಲಸವೂ ನಿಲ್ಲುವುದುಂಟು. ಆದರೆ ಹಳೆಯ ಕಟ್ಟದ ಕಡೆಗೆ ಮತ್ತೊಮ್ಮೆ ನಿಷ್ಠುರವಾಗಿ ನೋಡಬೇಕು. ಅಲ್ಲಿ ಕಲ್ಲು ಹೊತ್ತವರು ಯಾರು? ಸೊಂಟದವರೆಗಿನ ತಣ್ಣೀರಿನಲ್ಲಿ ನಿಂತವರು ಯಾರು? ನಿಂತ ನೀರಿನಿಂದ ಯಾರ ತೋಟ ಹಸಿರಾಯಿತು? ತೋಟವಿದ್ದವನು ಕಟ್ಟಕ್ಕೆ ದುಡಿದರೆ ಅದು ತನ್ನ ಹಿತಕ್ಕಾಗಿ ದುಡಿದಂತೆ. ಒಂದು ಸೆಂಟ್ಸ್ ಭೂಮಿಯೂ ಇಲ್ಲದವನು ಧಣಿಯ ಮಾತು ಮೀರಲಾಗದೆ ದುಡಿದರೆ ಅದನ್ನು ಶ್ರಮದಾನವೆನ್ನಲು ನಾಲಗೆ ಹಿಂಜರಿಯಬೇಕು. ಕೊಡದಿರುವ ಸ್ವಾತಂತ್ರ್ಯ ಇದ್ದವನು ಕೊಟ್ಟದ್ದು ಮಾತ್ರ ದಾನ.

ಕನ್ನಡದ ಜನಪದ ಮನಸ್ಸಿಗೆ ಈ ಕಹಿ ತಿಳಿಯದ್ದಲ್ಲ. 'ಕೆರೆಗೆ ಹಾರ'ದ ಕಥೆಯಲ್ಲಿ ನೀರು ಬಾರದ ಕೆರೆಗೆ ಬಲಿಯಾಗುವವಳು ಮನೆಯ ಕಿರಿಯ ಸೊಸೆ ಭಾಗೀರಥಿ. ಊರಿಗೆಲ್ಲ ನೀರು, ಬೆಲೆ ತೆತ್ತವಳು ಮನೆಯಲ್ಲಿ ಮಾತಿನ ಬಲ ಅತಿ ಕಡಿಮೆಯಿದ್ದವಳು. ಸಾಮೂಹಿಕ ಹಿತದ ಹೆಸರಿನಲ್ಲಿ ಭಾರವೆಲ್ಲ ಬಲಹೀನರ ಹೆಗಲಿಗೆ ಜಾರುವ ಈ ಅಪಾಯ ಇಂದಿಗೂ ಹೋಗಿಲ್ಲ. 2005ರ ಉದ್ಯೋಗ ಖಾತರಿ ಕಾಯಿದೆಯ ಬಳಿಕ ಕೂಲಿಯನ್ನು ಹಕ್ಕಾಗಿ ಪಡೆದು ತೋಡಿನ ಹೂಳೆತ್ತಿದ ಹೆಂಗಸು ಆ ಕೂಲಿಯಿಂದ ಊರಿನ ಒಗ್ಗಟ್ಟನ್ನು ಕೆಡಿಸಲಿಲ್ಲ. ಆ ಒಗ್ಗಟ್ಟಿನೊಳಗೆ ಅಡಗಿದ್ದ ಒಂದು ಅನ್ಯಾಯವನ್ನು ಕಡಿಮೆ ಮಾಡಿದಳು. ಆದುದರಿಂದ ಹಣವೇ ಕೇಡಿನ ಮೂಲವೆಂಬ ವಾದವನ್ನು ಒಪ್ಪಲಾಗದು.

ಹಾಗೆಂದು, ಹಣ ಸರಕಾರದ್ದು, ಕೆಲಸವೂ ಸರಕಾರದ್ದು, ನಮಗೇನು ಎಂಬ ಎದುರು ವಾದವೂ ನಿಲ್ಲಲಾರದು. ತೋಡಿಗೆ ಅಡ್ಡಲಾಗಿ ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಏಳುತ್ತದೆ. ಅದರ ಕಿಂಡಿಗಳಿಗೆ ಮಳೆ ಕಡಿಮೆಯಾದ ಹದದಲ್ಲಿ ಹಲಗೆ ಇಳಿಸಬೇಕು. ಮುಂಗಾರಿಗೆ ಮೊದಲು ಮೇಲೆತ್ತಿ ಒಣಗಿಸಿ ಇಡಬೇಕು. ಎರಡು ವಾರ ತಡವಾದರೆ ನೀರು ಹರಿದುಹೋಗಿರುತ್ತದೆ. ತೆಗೆಯಲು ಮರೆತರೆ ನೆರೆನೀರು ತೋಟಕ್ಕೆ ನುಗ್ಗುತ್ತದೆ. ಕಾಂಕ್ರೀಟಿಗೆ ಅನುದಾನ ಸಿಗುತ್ತದೆ; ಹಲಗೆಯ ಹದವನ್ನು ಅರಿತ ಕಣ್ಣಿಗೆ ಅನುದಾನವಿಲ್ಲ. ಹಣವು ವಸ್ತುವನ್ನು ತರಬಲ್ಲುದೇ ಹೊರತು ಎಚ್ಚರವನ್ನು ತರಲಾರದು. ಅಲ್ಲದೆ ಅನುದಾನದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ; ನಮ್ಮ ನೀರಿನ ಸಂಕಟ ಬಲಿಯುವುದೇ ಆ ದಿನದ ಬಳಿಕ. ಖರ್ಚು ತೋರಿಸಲೇಬೇಕೆಂದು ಕೊನೆಯ ವಾರಗಳಲ್ಲಿ ಅವಸರದಿಂದ ಮುಗಿಸಿದ ಕಾಮಗಾರಿ ಕಡತದಲ್ಲಿ ಪೂರ್ಣವಾಗಿರಬಹುದು. ನೆಲದ ಮೇಲೆ ಅದರ ಬಾಳು ಆರಂಭವೇ ಆಗಿರುವುದಿಲ್ಲ.

ಇಲ್ಲಿ ನಮ್ಮ ಶಾಸನಗಳ ಒಂದು ಹಳೆಯ ಪದ ನೆನಪಾಗುತ್ತದೆ. ಕೆರೆಯನ್ನು ಕಟ್ಟಿಸಿದವರಿಗೆ, ಅದನ್ನು ಕಾಪಾಡುವವರಿಗೆ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿ ಕನ್ನಡ ನಾಡಿನಲ್ಲಿತ್ತು. ಕಟ್ಟುಕೊಡಗೆ, ಕೆರೆಗೊಡಗೆ, ಬಿತ್ತುವಟ್ಟ ಎಂಬ ಮಾತುಗಳು ಶಾಸನಗಳಲ್ಲಿ ದೊರೆಯುತ್ತವೆ. ಅಂದಿನ ಸಮಾಜ ಸಮಾನತೆಯದ್ದಾಗಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಆ ಪದ್ಧತಿಯೊಳಗಿನ ವಿವೇಕವನ್ನು ಗಮನಿಸಬೇಕು. ಕೆರೆಯಿಂದ ನೀರುಣ್ಣುವ ಭೂಮಿಯೇ ಕೆರೆಗೆ ದುಡಿಯುವವನ ಸಂಭಾವನೆ. ಕೆರೆ ಬತ್ತಿದರೆ ಅವನ ಅನ್ನವೂ ಬತ್ತಿತು. ಕಟ್ಟಿದ ದಿನದ ಪ್ರಶಂಸೆಗಲ್ಲ, ಕಾಯ್ದ ವರ್ಷಗಳಿಗೆ ಸಂದ ಪ್ರತಿಫಲ ಅದು. ಇಂದಿನ ಅನುದಾನವು ಶಿಲಾನ್ಯಾಸಕ್ಕೂ ಉದ್ಘಾಟನೆಗೂ ನಡುವಿನ ಅವಧಿಯನ್ನು ಪೋಷಿಸುತ್ತದೆ. ಕೊಡಗೆಯು ಉದ್ಘಾಟನೆಯ ನಂತರದ ದೀರ್ಘಕಾಲವನ್ನು ಪೋಷಿಸುತ್ತಿತ್ತು.

ಅನುದಾನವನ್ನು ದಾನವೆಂದು ಬಗೆದರೆ ಪಡೆದವನು ಕೈಮುಗಿದು ಸುಮ್ಮನಾಗುತ್ತಾನೆ. ಹಕ್ಕೆಂದು ಮಾತ್ರ ಬಗೆದರೆ ಪಡೆದುಕೊಂಡಲ್ಲಿಗೆ ವಿಷಯ ಮುಗಿಯಿತೆನ್ನುತ್ತಾನೆ. ನಮ್ಮ ಪರಂಪರೆಯಲ್ಲಿ ಇದಕ್ಕೆ ಒಪ್ಪುವ ಮೂರನೆಯ ಮಾತೊಂದಿದೆ: ಋಣ. ದಾನದ ಕಥೆ ಕೊಟ್ಟವನಲ್ಲಿ ಮುಗಿದರೆ, ಋಣದ ಕಥೆ ಪಡೆದವನಲ್ಲಿ ಆರಂಭವಾಗುತ್ತದೆ. ಋಣವನ್ನು ಕೊಟ್ಟವನಿಗೇ ತೀರಿಸಬೇಕೆಂದಿಲ್ಲ. ತಂದೆತಾಯಿಗಳ ಋಣವನ್ನು ಮಕ್ಕಳನ್ನು ಸಾಕುವುದರ ಮೂಲಕ ತೀರಿಸುತ್ತೇವೆ. ತೆರಿಗೆ ತೆತ್ತ ಅಪರಿಚಿತನಿಗೆ ನಾವು ಹಿಂದಿರುಗಿಸಬಹುದಾದದ್ದು ತುಂಬಿದ ತೋಡನ್ನಲ್ಲದೆ ಮತ್ತೇನನ್ನು? ಇನ್ನೂ ಹುಟ್ಟದ, ಮತವಿಲ್ಲದ, ಗ್ರಾಮಸಭೆಗೆ ಬರಲಾರದ ಮಕ್ಕಳಿಗೂ ಆ ಹಣದಲ್ಲಿ ಪಾಲಿದೆ.

ಒಬ್ಬಂಟಿ ಸಾಹಸದ ಉದಾಹರಣೆಗಳನ್ನೂ ಈ ಬೆಳಕಿನಲ್ಲಿ ನೋಡಬೇಕು. ನಮ್ಮ ಗಡಿಗೆ ತಾಗಿದ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿಕಾರರಾಗಿದ್ದುಕೊಂಡು, ತಮಗೆ ದೊರೆತ ಬೋಳುಗುಡ್ಡದಲ್ಲಿ ಏಕಾಂಗಿಯಾಗಿ ಸುರಂಗ ಕೊರೆದರು. ಕೆಲವು ಸುರಂಗಗಳು ನೀರು ಕೊಡದಿದ್ದರೂ ಕೈಬಿಡದೆ, ಕೊನೆಗೆ ನೀರು ಕಂಡು ತೋಟವೆಬ್ಬಿಸಿದರು. 2022ರಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂದಿತು. ಅವರಿಗೆ ನಮಸ್ಕರಿಸೋಣ. ಆದರೆ ಮೆಚ್ಚುಗೆ ನೆಪವಾಗಬಾರದು. ಒಬ್ಬ ಬಡವನು ವರ್ಷಗಟ್ಟಲೆ ಗುಡ್ಡದ ಕತ್ತಲೆಯಲ್ಲಿ ದುಡಿದು ನೀರು ಪಡೆದನೆಂಬುದು ಅವನ ಹಿರಿಮೆ. ಬಡವರೆಲ್ಲರೂ ಹಾಗೆಯೇ ಪಡೆದುಕೊಳ್ಳಲಿ ಎನ್ನುವುದು ನಮ್ಮ ನಿಷ್ಕರುಣೆ. ವೀರರನ್ನು ನಿರೀಕ್ಷಿಸದೆಯೂ ಬಾಯಾರಿಕೆ ತಣಿಯುವಂತೆ ಮಾಡುವುದಕ್ಕಾಗಿಯೇ ಸಾರ್ವಜನಿಕ ನಿಧಿ ಎಂಬುದು ಇರುವುದು.

ಫಲಾನುಭವಿಯ ಪಾಲು ಎಂಬ ನಿಯಮವೂ ಇಂತಹುದೇ ಪ್ರಶ್ನೆಯನ್ನು ಎತ್ತುತ್ತದೆ. ತನ್ನ ಪಾಲಿನ ಹಣ ಹಾಕಿದವನಿಗೆ ಸಹಾಯಧನ ಎಂಬುದು ಹೊಣೆಯನ್ನು ಬೆಳೆಸುವ ನಿಯಮ. ಆದರೆ ಅದೇ ನಿಯಮ ಪಾಲು ಹಾಕಲಾಗದವನನ್ನು ಹೊರಗಿಡುತ್ತದೆ. ಮೊದಲೇ ಮೂರು ಬಾವಿಗಳಿದ್ದವನ ಮನೆಗೆ ನಾಲ್ಕನೆಯ ಅನುಕೂಲವನ್ನು ತರುತ್ತದೆ. ಎಲ್ಲರಿಗೂ ಸಮಾನ ಪಾಲೆಂಬುದು ನ್ಯಾಯದಂತೆ ತೋರುವ ಅನ್ಯಾಯವಾಗಬಹುದು. ತೋಟವುಳ್ಳವನು ಹಣವನ್ನೂ, ಬಿಡುವುಳ್ಳವನು ದುಡಿಮೆಯನ್ನೂ, ಅಕ್ಷರ ಬಲ್ಲವನು ಬರವಣಿಗೆಯನ್ನೂ, ಹಿರಿಯನು ನೆನಪನ್ನೂ ಪಾಲಾಗಿ ಕೊಡುವಂತಾದರೆ ಹೊಣೆಯೂ ಉಳಿದೀತು, ನ್ಯಾಯವೂ ಉಳಿದೀತು.

ಹಣದಿಂದ ಹೊಣೆಯನ್ನು ಕೊಂಡುಕೊಳ್ಳಲಾಗದು ಎಂಬುದಕ್ಕೆ ದಿನನಿತ್ಯದ ಸಾಕ್ಷಿ ಮನೆಬಾಗಿಲಲ್ಲೇ ಇದೆ. ಹರಿತ ಕರ್ಮಸೇನೆಯ ಹೆಂಗಸರು ಮನೆಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುತ್ತಾರೆ. ನಾವು ತಿಂಗಳಿಗೊಂದು ಶುಲ್ಕ ಕೊಡುತ್ತೇವೆ. ಆ ಶುಲ್ಕ ಅವರ ದುಡಿಮೆಯ ಬೆಲೆಯೇ ಹೊರತು ತೊಳೆಯದ ಹಾಲಿನ ಲಕೋಟೆಯನ್ನು ಅವರ ಕೈಗಿಡುವ ಪರವಾನಗಿಯಲ್ಲ. ಶುಲ್ಕ ಕೊಡಲು ಗೊಣಗುವವನೂ, ಕೊಟ್ಟೆನೆಂಬ ಗತ್ತಿನಿಂದ ಕೊಳಕನ್ನು ಹಾಗೆಯೇ ಒಪ್ಪಿಸುವವನೂ ಮರೆಯುವುದು ಒಂದನ್ನೇ: ಆ ಚೀಲದ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯಳ ಕೈ ಇದೆ.

ಹೊಣೆ ಮರೆತಾಗ ಏನಾಗುತ್ತದೆಂಬುದನ್ನು ನಮ್ಮ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆಯಂತಹ ಊರುಗಳಲ್ಲಿ ತೋಡು, ಸುರಂಗಗಳ ನೀರನ್ನೇ ನಂಬಿದ್ದ ಜನರು ಆ ನಿರ್ಧಾರದಲ್ಲಿ ಪಾಲ್ಗೊಂಡಿರಲಿಲ್ಲ. ಫಲವನ್ನು ಮಾತ್ರ ಉಂಡರು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆಯವರು ಈ ಸಂಕಟವನ್ನು ಲೋಕಕ್ಕೆ ತಿಳಿಸಿದವರಲ್ಲಿ ಮೊದಲಿಗರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕೀಟನಾಶಕವನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಆ ಹಣ ನ್ಯಾಯವೇ ಸರಿ. ಆದರೆ ಯಾವ ತಾಯಿಯೂ ಅದನ್ನು ಸಾಕೆಂದು ಹೇಳಲಾರಳು. ಪರಿಹಾರವೆಂಬುದು ಹಾನಿಯ ಹಿಂದೆ ನಡೆದು ಬರುವ ಹಣ. ಅನುದಾನವೆಂಬುದು ಹಾನಿಯ ಮುಂದೆ ನಿಲ್ಲಬಲ್ಲ ಹಣ. ಎರಡನೆಯದನ್ನು ವ್ಯರ್ಥಗೊಳಿಸಿದ ಊರು ಮೊದಲನೆಯದಕ್ಕಾಗಿ ಕೈಚಾಚಬೇಕಾದೀತು.

ಕೊನೆಯದಾಗಿ, ಕನ್ನಡಿಗರಾದ ನಮಗೆ ಸಂಬಂಧಿಸಿದ ಮಾತು. ವಾರ್ಡಿನ ಮತದಾರರೆಲ್ಲರೂ ಸೇರಿದ್ದೇ ಗ್ರಾಮಸಭೆ. ಅಲ್ಲಿ ನಡೆಯುವ ಮಾತು, ಬರುವ ನಮೂನೆ, ಬರೆಯುವ ನಿರ್ಣಯ ಮಲಯಾಳದಲ್ಲಿರುವಾಗ ನಮ್ಮಲ್ಲಿ ಅನೇಕರು ಹಿಂದಿನ ಬೆಂಚಿನಲ್ಲಿ ಕುಳಿತು ಸಹಿ ಹಾಕಿ ಮರಳುತ್ತೇವೆ. ತನಗೆ ತಿಳಿಯುವ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನಮಗೆ ಕೊಟ್ಟಿದೆ. ಅದನ್ನು ಬಳಸದಿದ್ದರೆ ನಷ್ಟ ಭಾಷೆಗೆ ಮಾತ್ರವಲ್ಲ, ನೀರಿಗೂ ಹೌದು. ಯಾವ ತೋಡು ಯಾವ ತಿಂಗಳಲ್ಲಿ ಸೊರಗುತ್ತದೆ, ಯಾವ ಮದಕದ ತೂಬು ಎಲ್ಲಿತ್ತು ಎಂಬ ಅರಿವು ನಮ್ಮ ಹಿರಿಯರ ಕನ್ನಡ, ತುಳು, ಮರಾಟಿ, ಹವ್ಯಕ ನುಡಿಗಳಲ್ಲಿ ಉಳಿದಿದೆ. ಆ ಅರಿವು ಕಡತವನ್ನು ಸೇರದಿದ್ದರೆ ಯೋಜನೆಯು ನೆಲವನ್ನರಿಯದೆ ಬರುತ್ತದೆ. ಮಲಯಾಳ ಬಲ್ಲ ನಮ್ಮ ಯುವಕರು ಅದನ್ನು ನಮೂನೆಗೆ ಇಳಿಸಿದರೆ ಎರಡು ಭಾಷೆಗಳೂ ಒಂದೇ ತೋಡಿಗೆ ದುಡಿದಂತಾಗುತ್ತದೆ. ಬತ್ತಿದ ಬಾವಿಯ ಬಳಿ ಭಾಷೆಯ ಗಡಿಯಿಲ್ಲ. ನೆರೆಯ ಮಲಯಾಳಿಯ ಕೊಡವೂ ಅಲ್ಲಿ ಬರಿದೇ.

ಆದುದರಿಂದ ಸಂಘಗಳು ಪ್ರತಿಯೊಂದು ಯೋಜನೆಯ ಮುಂದೆಯೂ ಮೂರು ಪ್ರಶ್ನೆಗಳನ್ನಿಡಲಿ. ಇದರ ನೀರು ಯಾರಿಗೆ? ಇದರ ಭಾರ ಯಾರಿಗೆ? ನಾಲ್ಕನೆಯ ವರ್ಷ ಇದನ್ನು ನೋಡಿಕೊಳ್ಳುವವರು ಯಾರು? ಮೊದಲೆರಡಕ್ಕೆ ಉತ್ತರ ಹೇಳುವುದು ಪಂಚಾಯತಿನ ಕರ್ತವ್ಯ. ಮೂರನೆಯದಕ್ಕೆ ಉತ್ತರವನ್ನು ಊರಿನವರು ತಮ್ಮ ಹೆಸರು ಹೇಳಿಯೇ ಕೊಡಬೇಕು. ಈ ವರ್ಷ ಮಳೆ ಸರಿದು ತೋಡಿನ ನೀರು ಮೊಣಕಾಲಿಗೆ ಇಳಿಯುವ ಹೊತ್ತಿಗೆ ಹಲಗೆ ಇಳಿಸುವ ದಿನವನ್ನು ಗೊತ್ತುಮಾಡಿಕೊಂಡರೆ, ಅಷ್ಟರಮಟ್ಟಿಗೆ ಋಣ ತೀರಿದಂತೆ.