ಎಷ್ಟು ಕೊಡುತ್ತೆ, ಎಷ್ಟು ಕುಡಿಯುತ್ತೆ

ನಮ್ಮೂರಲ್ಲಿ ಬೈಕ್ ತಗೊಂಡವನನ್ನು ಎಲ್ಲರೂ ಕೇಳೋದು, ‘ಎಷ್ಟು ಕೊಡುತ್ತೆ?’ ಟ್ರ್ಯಾಕ್ಟರ್ ತಗೊಂಡವನನ್ನು ಕೇಳೋದೇ ಬೇರೆ, ‘ಗಂಟೆಗೆ ಎಷ್ಟು ಕುಡಿಯುತ್ತೆ?’ ಎರಡೂ ಇಂಧನದ ಲೆಕ್ಕವೇ. ಆದರೆ ಈ ಎರಡು ಪ್ರಶ್ನೆಗಳ ವ್ಯತ್ಯಾಸ ನನಗೆ ಅರ್ಥವಾಗಿದ್ದು ಅಮೆರಿಕದ ಡೆನ್ವರ್‌ಗೆ ಬಂದ ಮೇಲೆ, ಸಹೋದ್ಯೋಗಿಯೊಬ್ಬನ ಡೀಸೆಲ್ ಪಿಕಪ್ ದೆಸೆಯಿಂದ.

ಅವನ ಕೆಲಸ ಮನೆಯಿಂದಲೇ. ಪಿಕಪ್ ಹೊರಗೆ ಬರೋದು ಹಿಂದೆ ಕ್ಯಾಂಪರ್ ಕಟ್ಟಿದಾಗ ಮಾತ್ರ. ಹೆಂಡತಿ ಮಕ್ಕಳ ಜೊತೆ ಬೆಟ್ಟ, ಕೆರೆ ಅಂತ ಹೋಗ್ತಾನೆ. ಇಲ್ಲಿ ಹೊಸ ಕಾರಿನ ಕಿಟಕಿಗೆ ಮೈಲೇಜ್ ಚೀಟಿ ಅಂಟಿಸಿರಲೇಬೇಕು. ಆದರೆ ಹೊರೆ ಸೇರಿ ಒಟ್ಟು ತೂಕದ ಮಿತಿ 8,500 ಪೌಂಡ್ ದಾಟಿದ ಪಿಕಪ್‌ಗೆ ಆ ಚೀಟಿ ಕಡ್ಡಾಯವಲ್ಲ. ಹಾಗಾಗಿ ಅವನೇ ಒಂದು ನೋಟ್‌ಬುಕ್ ಇಟ್ಟಿದ್ದಾನೆ: ಟ್ಯಾಂಕ್ ತುಂಬಿಸಿದ ದಿನ, ಓಡಿದ ಮೈಲಿ, ಹಾಕಿಸಿದ ಗ್ಯಾಲನ್. ಕ್ಯಾಂಪರ್ ಎಳೆಯುವಾಗ ಗ್ಯಾಲನ್ನಿಗೆ 10 ಮೈಲಿ. ನಮ್ಮ ಲೆಕ್ಕದಲ್ಲಿ ಲೀಟರಿಗೆ ನಾಲ್ಕು ಕಿಲೋಮೀಟರ್ ಚಿಲ್ಲರೆ!

ಗೋಡೆಯಂಥ ಕ್ಯಾಂಪರ್ ಗಾಳಿಯನ್ನು ತಳ್ಳಿಕೊಂಡು ಹೋಗಬೇಕು. ಗಂಟೆಗೆ 60 ಮೈಲಿಯಿಂದ 70ಕ್ಕೆ ಏರಿಸಿದರೆ ಗಾಳಿಯ ತಡೆ ಸುಮಾರು 36% ಹೆಚ್ಚುತ್ತೆ. ಅದರ ಮೇಲೆ 11,000 ಅಡಿಗೂ ಎತ್ತರದ ಐಸೆನ್‌ಹೋವರ್ ಸುರಂಗದ ಏರು ಬೇರೆ. ‘ಬರೀ ಮೋಜಿಗೆ ಇಷ್ಟು ಡೀಸೆಲ್ಲಾ?’ ಅಂದೆ. ನನ್ನ ಕಾರು 30 ಕೊಡುತ್ತೆ ಅನ್ನೋ ಜಂಬ ಮಾತಲ್ಲಿತ್ತು.

ಅವನು ಸಿಟ್ಟಾಗಲಿಲ್ಲ. ‘ನೀನು ವರ್ಷಕ್ಕೆ ಎಷ್ಟು ಓಡಿಸ್ತೀಯ?’ ಅಂತ ಕೇಳಿದ. ನನ್ನ ಮನೆ ಆಫೀಸಿನಿಂದ 30 ಮೈಲಿ. ಹೋಗಿ ಬರೋದು 60, ವರ್ಷಕ್ಕೆ 250 ದಿನ, ಅಂದರೆ 15,000 ಮೈಲಿ, 500 ಗ್ಯಾಲನ್. ಅವನ ಪಿಕಪ್ ಓಡೋದು 3,000 ಮೈಲಿ, 300 ಗ್ಯಾಲನ್. ಡೀಸೆಲ್ ಹೆಚ್ಚು ಹೊಗೆ ಬಿಡುತ್ತಲ್ಲ ಅಂತ ಅದನ್ನೂ ಲೆಕ್ಕ ಹಾಕಿದೆ. ಗ್ಯಾಲನ್ ಡೀಸೆಲ್‌ಗೆ ಸುಮಾರು 10.2 ಕೆ.ಜಿ. ಇಂಗಾಲದ ಡೈಆಕ್ಸೈಡ್, ಪೆಟ್ರೋಲ್‌ಗೆ 8.9 ಕೆ.ಜಿ. ಆದರೂ ಅವನದು ಮೂರು ಟನ್, ನನ್ನದು ನಾಲ್ಕೂವರೆ.

ತಕ್ಷಣ ಬಾಯಿಗೆ ಬಂದ ಉತ್ತರ, ‘ನಂದು ಅಗತ್ಯ, ನಿಂದು ಮೋಜು.’ ಆದರೆ ಹೇಳೋಕೆ ಆಗಲಿಲ್ಲ. ಆಫೀಸಿನ ಹತ್ತಿರ ಬಾಡಿಗೆ ಮನೆಯಲ್ಲೇ ಇರಬಹುದಿತ್ತು. ದೊಡ್ಡ ಹಿತ್ತಲಿನ ಸ್ವಂತ ಮನೆ ಬೇಕು ಅಂತ ಅಷ್ಟು ದೂರ ಹೋದವನು ನಾನೇ. ನನ್ನ ಮೋಜಿಗೆ ಗೋಡೆ, ಸೂರು ಇದೆ, ಅವನದಕ್ಕೆ ಚಕ್ರ ಇದೆ. ಅಷ್ಟೇ ವ್ಯತ್ಯಾಸ.

ಹಾಗಂತ ಕ್ಯಾಂಪರ್ ಎಳೆಯೋದು ಪುಣ್ಯದ ಕೆಲಸ ಅಂತಲ್ಲ. 300 ಗ್ಯಾಲನ್ ಅಂದರೆ 300 ಗ್ಯಾಲನ್ನೇ. ಆದರೆ ಮೈಲೇಜ್ ಗಾಡಿಯ ಗುಣ. ಎಷ್ಟು ದೂರ, ಯಾತಕ್ಕೆ ಓಡಿಸ್ತೀವಿ ಅನ್ನೋದು ನಮ್ಮ ಗುಣ. ಗಾಡಿಯ ಗುಣ ತೋರಿಸಿ ನಮ್ಮ ಗುಣಕ್ಕೆ ಮಾರ್ಕ್ಸ್ ತಗೊಳ್ಳೋದು ಸರಿಯಲ್ಲ. ‘ಎಷ್ಟು ಕೊಡುತ್ತೆ’ ಅಂತ ಕೇಳಿದಾಗ ನಾವು ಬರೀ ಪಡೆಯೋರು. ‘ಎಷ್ಟು ಕುಡಿಯುತ್ತೆ’ ಅಂದಾಗ ಲೆಕ್ಕ ಕೊಡಬೇಕಾದವರೂ ನಾವೇ.

ಈಗ ಅವನು 70ರ ಬದಲು 60ರಲ್ಲಿ ಹೋಗ್ತಾನೆ, 11 ಸಿಗ್ತಿದೆಯಂತೆ. 10ರಿಂದ 11 ಏನು ಮಹಾ ಅನಿಸುತ್ತೆ. ಆದರೆ 1,000 ಮೈಲಿಗೆ ಅದು ಉಳಿಸೋದು 9 ಗ್ಯಾಲನ್. ನನ್ನ ಕಾರು 30ರಿಂದ 40ಕ್ಕೆ ಏರಿದರೂ ಉಳಿಯೋದು 8 ಚಿಲ್ಲರೆ. ನಾನು ಮನೆ ಬದಲಿಸಿಲ್ಲ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡ್ತೀನಿ ಅಂತ ಮ್ಯಾನೇಜರ್ ಹತ್ತಿರ ಕೇಳಿದ್ದೀನಿ.

ಮೊನ್ನೆ ಫೋನಲ್ಲಿ ಅಪ್ಪ, ‘ಕಾರು ಎಷ್ಟು ಕೊಡುತ್ತೋ?’ ಅಂದರು.

‘ವರ್ಷಕ್ಕೆ 1,900 ಲೀಟರ್ ಕುಡಿಯುತ್ತೆ ಅಪ್ಪ.’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಏನೋ ಇದು, ನಮ್ಮ ಟ್ರ್ಯಾಕ್ಟರಿಗಿಂತ ಜಾಸ್ತಿ ಆಯ್ತಲ್ಲೋ! ಅದು ಹೊಲನಾದ್ರೂ ಉಳುತ್ತೆ.’