ಕಣ್ಣೀರಿನ ಕೂಲಿ

ಫಿಲಿಪ್ಪೀನ್ಸ್‌ನಲ್ಲಿ ವಿಲ್ಲಿ ರೆವಿಲಾಮೆ ಹೆಸರು ಕೇಳದವರು ಕಡಿಮೆ. ಡ್ರಮ್ ಬಾರಿಸುತ್ತಿದ್ದ ಮನುಷ್ಯ ನಿಧಾನಕ್ಕೆ ಟಿವಿ ನಿರೂಪಕರಾದರು. 2005ರಲ್ಲಿ ಎಬಿಎಸ್-ಸಿಬಿಎನ್ ಚಾನೆಲ್‌ನಲ್ಲಿ 'ವಾವೋವೀ' ಅನ್ನೋ ಮಧ್ಯಾಹ್ನದ ಶೋ ಶುರುವಾದ ಮೇಲಂತೂ ಬಡವರ ಪಾಲಿನ ದೇವರೇ ಆಗಿಬಿಟ್ಟರು. ಹಾಡು, ಕುಣಿತ, ಆಟ, ನಡುನಡುವೆ ಸ್ಪರ್ಧಿಗಳ ಕಷ್ಟದ ಕತೆ. ಕತೆ ಕೇಳಿ ವಿಲ್ಲಿ ಕರಗುತ್ತಾರೆ, ಕೈಗೆ ದುಡ್ಡು ಕೊಡುತ್ತಾರೆ. 'ಇವರಿಗೊಂದು ಜಾಕೆಟ್ ಕೊಡಿ' ಅನ್ನೋದು ಅವರ ಹೆಸರಿಗೇ ಅಂಟಿಕೊಂಡ ಮಾತು. ಹೊರದೇಶದಲ್ಲಿ ದುಡಿಯೋ ಫಿಲಿಪಿನೋಗಳು ಊರಿಗೆ ಬಂದಾಗ ಈ ಸ್ಟುಡಿಯೋಗೂ ಬಂದು ಸ್ಪರ್ಧಿಗಳ ಕೈಗೆ ಡಾಲರ್ ಇಡುತ್ತಿದ್ದರು.

ಇದರಲ್ಲಿ ತಪ್ಪೇನು? ಇಲ್ಲದವರಿಗೆ ಸಿಕ್ಕಿತು, ನೋಡಿದವರಿಗೆ ಖುಷಿಯಾಯಿತು. ಎಸಿ ರೂಮಲ್ಲಿ ಕೂತು 'ಛೇ, ಬಡತನದ ಪ್ರದರ್ಶನ' ಅಂತ ಮೂಗು ಮುರಿಯುವವರು ಯಾರಿಗೂ ಒಂದು ರೂಪಾಯಿ ಕೊಟ್ಟಿರುವುದಿಲ್ಲ. ವಿಲ್ಲಿ ಕೊಟ್ಟರು. ಈ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಹಸಿದವನ ಮುಂದೆ ಘನತೆಯ ಪಾಠ ಹೇಳುವುದು ಸುಲಭ.

ಆದರೂ ಎರಡು ಘಟನೆಗಳು ನನ್ನನ್ನು ಬಿಡುವುದಿಲ್ಲ. ಮೊದಲನೆಯದು 2006ರ ಫೆಬ್ರವರಿ 4ರದ್ದು. ಶೋನ ಮೊದಲ ವಾರ್ಷಿಕೋತ್ಸವ, ಜಾಗ ಮನಿಲಾ ಪಕ್ಕದ ಪಾಸಿಗ್ ನಗರದ ಕ್ರೀಡಾಂಗಣ. ಬಹುಮಾನದ ಆಸೆಗೆ ಜನ ದಿನಗಟ್ಟಲೆ ಮುಂಚೆಯೇ ಬಂದು ಗೇಟಿನ ಹೊರಗೆ ಮಲಗಿದ್ದರು. ನೂಕುನುಗ್ಗಲಾಯಿತು. 70ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಹೆಂಗಸರು. ಕೆಲವೇ ವಾರಗಳಲ್ಲಿ ಶೋ ಮತ್ತೆ ಶುರುವಾಯಿತು.

ಎರಡನೆಯದು 2011ರ ಮಾರ್ಚ್‌ನದ್ದು. ಅಷ್ಟರಲ್ಲಿ ವಿಲ್ಲಿ ಟಿವಿ5 ಸೇರಿ 'ವಿಲ್ಲಿಂಗ್ ವಿಲ್ಲಿ' ನಡೆಸುತ್ತಿದ್ದರು. ಆರು ವರ್ಷದ ಹುಡುಗನೊಬ್ಬ ನೈಟ್‌ಕ್ಲಬ್‌ನ ಗಂಡು ಡ್ಯಾನ್ಸರುಗಳ ಹಾಗೆ ಸೊಂಟ ಕುಣಿಸಿದ. ಅವನ ಕೆನ್ನೆ ಮೇಲೆ ಕಣ್ಣೀರು ಇಳಿಯುತ್ತಿತ್ತು. ಜನ ನಗುತ್ತಿದ್ದರು. ವಿಲ್ಲಿ ಮತ್ತೆ ಮತ್ತೆ ಕುಣಿಸಿದರು, 10,000 ಪೆಸೊ ಕೊಟ್ಟರು. ದೇಶವಿಡೀ ಗಲಾಟೆಯಾಯಿತು, ದೊಡ್ಡ ದೊಡ್ಡ ಜಾಹೀರಾತುದಾರರು ಹಿಂದೆ ಸರಿದರು, ಶೋ ಸ್ವಲ್ಪ ದಿನ ನಿಂತಿತು. ಹುಡುಗನ ಮನೆಯವರು ಮಾತ್ರ ವಿಲ್ಲಿ ಪರವಾಗಿಯೇ ಮಾತಾಡಿದರು. ಮೇ ತಿಂಗಳಲ್ಲಿ ಶೋ ಹೊಸ ಹೆಸರಿಟ್ಟುಕೊಂಡು ವಾಪಸ್ ಬಂತು.

'ಮನೆಯವರಿಗೇ ಇಲ್ಲದ ಬೇಜಾರು ನಿಮಗ್ಯಾಕೆ?' ಅಂತ ಕೇಳಬಹುದು. ಅದಕ್ಕೆ ಉತ್ತರ ಹುಡುಕುವಾಗ ನನಗೆ ಅನ್ನಿಸಿದ್ದು ಇದು: ಇಲ್ಲಿರುವ ತೊಡಕು ಕೊಟ್ಟಿದ್ದರಲ್ಲಿಲ್ಲ, ಕೊಟ್ಟಿದ್ದಕ್ಕೆ ಇಟ್ಟ ಹೆಸರಿನಲ್ಲಿದೆ.

ಲೆಕ್ಕ ಹಾಕಿ ನೋಡಿ. ಒಬ್ಬಾಕೆ ವೇದಿಕೆಗೆ ಬಂದು ಗಂಡ ಬಿಟ್ಟುಹೋದ ಕತೆ ಹೇಳುತ್ತಾಳೆ. ಜನ ಟಿವಿ ಬಿಟ್ಟು ಏಳುವುದಿಲ್ಲ. ಜನ ಏಳದಿದ್ದರೆ ಜಾಹೀರಾತು ಬರುತ್ತದೆ, ಚಾನೆಲ್ಲಿಗೆ ದುಡ್ಡು ಬರುತ್ತದೆ. ಅಂದರೆ ಆಕೆ ಮಾಡಿದ್ದು ಕೆಲಸ! ಕೈಗೆ ಬಂದದ್ದು ಆ ಕೆಲಸದ ಕೂಲಿ. ಅದನ್ನು ನಾವು ದಾನ ಅಂತ ಕರೆದೆವು. ಕೂಲಿಯಾದರೆ 'ಇಷ್ಟು ಸಾಲದು' ಅಂತ ಚೌಕಾಸಿ ಮಾಡಬಹುದು, 'ಇದನ್ನು ಮಾಡಲ್ಲ' ಅನ್ನಬಹುದು. ದಾನವಾದರೆ ಕೈಮುಗಿಯಬೇಕು ಅಷ್ಟೇ.

ಹೆಸರು ಬದಲಾದರೆ ಹೊಣೆಯೂ ಬದಲಾಗುತ್ತದೆ. ಫಿಲಿಪ್ಪೀನ್ಸ್ ಕಾನೂನಿನಲ್ಲಿ 15 ವರ್ಷದೊಳಗಿನ ಮಗುವನ್ನು ಮನರಂಜನೆಯ ಕೆಲಸಕ್ಕೆ ಹಚ್ಚಬೇಕಾದರೆ ಕಾರ್ಮಿಕ ಇಲಾಖೆಯ ಅನುಮತಿ ಬೇಕು. ಕೆಲಸ ಅಂದಕೂಡಲೇ ಕೇಳಬೇಕಾದ ಪ್ರಶ್ನೆಗಳು ಹತ್ತಾರು. ಬಹುಮಾನ ಅಂದರೆ ಚಪ್ಪಾಳೆ ಮಾತ್ರ. ಆ ಮನೆಯವರ ಒಪ್ಪಿಗೆಯನ್ನೂ ನಾನು ಹೀಗೇ ನೋಡುತ್ತೇನೆ. ದಾನಿಯನ್ನು ಯಾರು ತಾನೇ ದೂರುತ್ತಾರೆ? ಉಪಕಾರ ಮಾಡಿದವನಿಗೆ ಎದುರಾಡಿದರೆ ಕೃತಘ್ನ ಅನ್ನಿಸಿಕೊಳ್ಳಬೇಕಾಗುತ್ತದೆ.

ವಿಲ್ಲಿ ಇದನ್ನೆಲ್ಲ ತಿಳಿಯದ ಮನುಷ್ಯ ಅಂತ ನನಗೆ ಅನ್ನಿಸುವುದಿಲ್ಲ. 2009ರ ಆಗಸ್ಟ್‌ನಲ್ಲಿ ಮಾಜಿ ಅಧ್ಯಕ್ಷೆ ಕೊರಾಜೋನ್ ಅಕಿನೊ ತೀರಿಕೊಂಡಾಗ, ಶೋ ನಡೆಯುತ್ತಿದ್ದಂತೆ ಪರದೆಯ ಒಂದು ಮೂಲೆಯಲ್ಲಿ ಅವರ ಪಾರ್ಥಿವ ಶರೀರದ ಮೆರವಣಿಗೆ ತೋರಿಸಿದರು. ನಾವಿಲ್ಲಿ ಖುಷಿಯಾಗಿರುವಾಗ ಅದನ್ನು ಜೊತೆಯಲ್ಲಿ ತೋರಿಸುವುದು ಸರಿಯಲ್ಲ, ತೆಗೆಯಿರಿ ಅಂತ ವಿಲ್ಲಿ ನೇರಪ್ರಸಾರದಲ್ಲೇ ಹೇಳಿದರು. ಜನ ಬೈದರು. ಆದರೆ ಆ ಮಾತಿನ ಹಿಂದಿನ ಭಾವನೆ ತಪ್ಪೇನಲ್ಲ: ಒಬ್ಬರ ದುಃಖ, ಇನ್ನೊಬ್ಬರ ಕುಣಿತ ಒಂದೇ ಪರದೆ ಮೇಲೆ ಇರಬಾರದು. ಹಾಗಾದರೆ ಅದೇ ಮರ್ಯಾದೆ ಆ ವೇದಿಕೆ ಹತ್ತಿದ ಸಾಮಾನ್ಯರಿಗೆ ಯಾಕೆ ಸಿಗಲಿಲ್ಲ? ಅಲ್ಲಿ ಅಳು ಮತ್ತು ಕುಣಿತ ದಿನಾ ಒಟ್ಟಿಗೇ ಇದ್ದವಲ್ಲ.

ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನುತ್ತಾರೆ. ಕ್ಯಾಮೆರಾ ಮುಂದೆ ಅದು ಆಗದ ಮಾತು, ಬಿಡಿ. ನಾನು ಕೇಳುವುದು ಅಷ್ಟು ದೊಡ್ಡದನ್ನಲ್ಲ. ಸ್ಪರ್ಧಿಗೆ ಮೊದಲೇ ಇಷ್ಟು ಅಂತ ಸಂಭಾವನೆ ಗೊತ್ತುಮಾಡಿ, ಕತೆ ಹೇಳಲಿ ಬಿಡಲಿ ಅದು ಸಿಗಲಿ. ಆಮೇಲೆ ಯಾರಾದರೂ ಅತ್ತರೆ ಅದು ಅವರದೇ ಅಳು.

2025ರಲ್ಲಿ ವಿಲ್ಲಿ ಸೆನೆಟ್ ಚುನಾವಣೆಗೆ ನಿಂತರು, ಸೋತರು. ಕಾರಣ ಹಲವಿರಬಹುದು. ಆದರೆ ಅವರಿಂದ ದುಡ್ಡು ಪಡೆದಿದ್ದ ಯಾರಾದರೂ ಅವತ್ತು ಬೇರೆಯವರಿಗೆ ಓಟು ಹಾಕಿದ್ದರೆ ಅವರನ್ನು ಋಣಗೇಡಿ ಅನ್ನಲು ನಾನು ಒಪ್ಪುವುದಿಲ್ಲ. ಕೆಲಸ ಮಾಡಿದ್ದರು, ಕೂಲಿ ತಗೊಂಡಿದ್ದರು. ಲೆಕ್ಕ ಅಲ್ಲಿಗೆ ಚುಕ್ತಾ.